ಕಾಗದದ ಲೆಕ್ಕ: ಚೀನಾ ಮತ್ತು ನಾವು

(ಜಿಲ್ಲಾ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ನಿನ್ನೆಯಿಂದ ಈ ಶಿಬಿರದಲ್ಲಿ ಭೂಮಿಯ ಪ್ರಶ್ನೆ, ನೀರಿನ ಪ್ರಶ್ನೆ, ರೈತನ ಸಾಲದ ಪ್ರಶ್ನೆ ಎಲ್ಲವೂ ಚರ್ಚೆಗೆ ಬಂದಿವೆ. ಅಂಥ ವಿಷಯಗಳಾದ ಮೇಲೆ ಕಾಗದದ ಆಮದು ರಫ್ತಿನ ಮಾತೆಂದರೆ ನಿಮ್ಮಲ್ಲಿ ಕೆಲವರಿಗೆ ಆಕಳಿಕೆ ಬಂದೀತು. ಆದರೆ ಒಂದು ನಿಮಿಷ ಯೋಚಿಸಿ. ನಿಮ್ಮ ಮಕ್ಕಳ ನೋಟುಬುಕ್ಕು, ರೈತನ ಪಹಣಿ, ಮತಪತ್ರ, ನಮ್ಮ ಈ ಬಡ ವಾರಪತ್ರಿಕೆ, ಕಿರಾಣಿ ಅಂಗಡಿಗೆ ಸೋಪು ತುಂಬಿಕೊಂಡು ಬರುವ ರಟ್ಟಿನ ಪೆಟ್ಟಿಗೆ, ಎಲ್ಲವೂ ಕಾಗದವೇ. ಒಂದು ದೇಶ ಎಷ್ಟು ಓದುತ್ತದೆ, ಎಷ್ಟು ಮಾರುತ್ತದೆ, ಎಷ್ಟು ಕಟ್ಟಿ ಕಳಿಸುತ್ತದೆ ಎಂಬುದನ್ನು ಅದು ಬಳಸುವ ಕಾಗದದಲ್ಲಿ ಅಳೆಯಬಹುದು. ಎರಡು ದೇಶಗಳ ಕಾಗದದ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ರಾಜಕೀಯವೂ ಕಣ್ಣಿಗೆ ಬೀಳುತ್ತದೆ.

ನಾವು ಆರಿಸಿಕೊಂಡ ಎರಡು ದೇಶಗಳು ಚೀನಾ ಮತ್ತು ಭಾರತ. ಆರಿಸಲು ಕಾರಣವಿದೆ. ಈ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತು ಓಟ ಆರಂಭಿಸಿದವರು. 1949ರಲ್ಲಿ ಚೀನಾದ ಯಂತ್ರಗಳು ತಯಾರಿಸಿದ ಕಾಗದ ಮತ್ತು ರಟ್ಟು ಸುಮಾರು 1 ಲಕ್ಷ 10 ಸಾವಿರ ಟನ್ನು. 1950-51ರಲ್ಲಿ ನಮ್ಮ ಉತ್ಪತ್ತಿ 1 ಲಕ್ಷ 16 ಸಾವಿರ ಟನ್ನು. ನಮ್ಮ ಜನಸಂಖ್ಯೆ ಆಗ ಚೀನಾದ ಜನಸಂಖ್ಯೆಗಿಂತ ಬಹಳ ಕಡಿಮೆ. ಆದುದರಿಂದ ತಲೆಗೆ ಇಷ್ಟೆಂದು ಹಂಚಿ ನೋಡಿದರೆ ನಾವೇ ಮುಂದಿದ್ದೆವು. ಕಾಗದವನ್ನು ಮೊದಲು ಕಂಡುಹಿಡಿದ ದೇಶವೆಂಬ ಕೀರ್ತಿ ಚೀನಾದ್ದು. ಎರಡು ಸಾವಿರ ವರ್ಷಗಳ ಆ ಕೀರ್ತಿಯಿಂದ ಅದಕ್ಕೆ 1949ರಲ್ಲಿ ಒಂದು ಹಾಳೆಯೂ ಹೆಚ್ಚಿಗೆ ಸಿಕ್ಕಿರಲಿಲ್ಲ.

ಅನಂತರ ಏನಾಯಿತು? 1960-61ರಲ್ಲಿ ನಾವು ಮೂರೂವರೆ ಲಕ್ಷ ಟನ್ನಿಗೆ ಬಂದೆವು. 1980-81ರಲ್ಲಿ ಹನ್ನೊಂದೂವರೆ ಲಕ್ಷ ಟನ್ನು. ಚೀನಾ 1980ರ ಹೊತ್ತಿಗೆ 53 ಲಕ್ಷ ಟನ್ನು ದಾಟಿತ್ತು. ಹೊಸ ಶತಮಾನ ಕಾಲಿಟ್ಟಾಗ, ನಮ್ಮ ಸರ್ಕಾರದ ಆರ್ಥಿಕ ಸಮೀಕ್ಷೆಯ ಲೆಕ್ಕದಂತೆ, ನಮ್ಮದು ಸುಮಾರು 31 ಲಕ್ಷ ಟನ್ನು; ಚೀನಾದ್ದು ಸುಮಾರು 3 ಕೋಟಿ 5 ಲಕ್ಷ ಟನ್ನು. ಐವತ್ತು ವರ್ಷಗಳಲ್ಲಿ ಒಂದಕ್ಕೆ ಹತ್ತು! 2009ರಲ್ಲಿ ಚೀನಾ ಅಮೆರಿಕವನ್ನೂ ಹಿಂದೆ ಹಾಕಿ ಪ್ರಪಂಚದಲ್ಲೇ ಅತಿ ಹೆಚ್ಚು ಕಾಗದ ತಯಾರಿಸುವ ದೇಶವಾಯಿತು. 2012ರಲ್ಲಿ ಹತ್ತು ಕೋಟಿ ಟನ್ನು ದಾಟಿತು. ಇಂದು ಚೀನಾದಲ್ಲಿ ವರ್ಷಕ್ಕೆ ತಲೆಗೆ 90 ಕಿಲೋ ಆಸುಪಾಸಿನ ಕಾಗದ ಖರ್ಚಾಗುತ್ತದೆ. ನಮ್ಮಲ್ಲಿ 15-16 ಕಿಲೋ.

ಈ ಅಂಕಿಗಳನ್ನು ಕೇಳಿದ ಕೂಡಲೇ ಎರಡು ಬಗೆಯ ಜನ ಎದ್ದು ನಿಲ್ಲುತ್ತಾರೆ. "ನೋಡಿದಿರಾ, ಎಲ್ಲವೂ ಸರ್ಕಾರದ ಕೈಯಲ್ಲಿದ್ದುದರಿಂದ ಚೀನಾ ಗೆದ್ದಿತು" ಎಂಬುದು ಒಬ್ಬರ ಮಾತು. "ಮಾರುಕಟ್ಟೆಯ ಬಾಗಿಲು ತೆರೆದದ್ದರಿಂದಲೇ ಗೆದ್ದಿತು" ಎಂಬುದು ಇನ್ನೊಬ್ಬರದು. ಇಬ್ಬರೂ ಅರ್ಧ ಸತ್ಯವನ್ನು ಹಿಡಿದುಕೊಂಡಿದ್ದಾರೆ. ಟನ್ನುಗಳ ಲೆಕ್ಕ ಹೇಳುವವರು ಮೂರು ಪ್ರಶ್ನೆಗಳನ್ನು ಕೇಳುವುದೇ ಇಲ್ಲ. ನಾರು ಎಲ್ಲಿಂದ ಬಂತು? ಕೊಳೆ ಎಲ್ಲಿ ಉಳಿಯಿತು? ದುಡಿದವನಿಗೆ ಏನು ಸಿಕ್ಕಿತು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡೇ ಎರಡೂ ದೇಶಗಳ ದಾರಿಯನ್ನು ನೋಡೋಣ.

ಮೊದಲು ನಮ್ಮ ಮನೆಯ ಕಥೆ. ನಮ್ಮ ಕಾಗದ ಬಿದಿರಿನ ಮೇಲೆ ಬೆಳೆಯಿತು. 1925ರಲ್ಲೇ ಬ್ರಿಟಿಷ್ ಸರ್ಕಾರ ಬಿದಿರಿನ ಕಾಗದಕ್ಕೆ ರಕ್ಷಣೆ ಕೊಡುವ ಕಾನೂನು ಮಾಡಿತ್ತು. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾರ್ಖಾನೆ ಎದ್ದಿತು. ಸರ್ಕಾರ ಕಾಡಿನ ಬಿದಿರನ್ನು ಕಾರ್ಖಾನೆಗಳಿಗೆ ಯಾವ ದರದಲ್ಲಿ ಕೊಟ್ಟಿತು? ದಾಂಡೇಲಿಗೆ ಟನ್ನಿಗೆ ಒಂದೂವರೆ ರೂಪಾಯಿ ಎಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ. ಬುಟ್ಟಿ ಮೊರ ಹೆಣೆದು ಹೊಟ್ಟೆ ಹೊರೆಯುವ ಮೇದಾರನಿಗೆ ಪೇಟೆಯ ದರ, ಗಿರಣಿಯ ಮಾಲೀಕನಿಗೆ ಒಂದೂವರೆ ರೂಪಾಯಿ! ಬಿಟ್ಟಿಗೆ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ಬಿದಿರು ಮತ್ತೆ ಚಿಗುರುವ ಮೊದಲೇ ಕಡಿದರು. ಹತ್ತಿರದ ಬಿದಿರು ಮುಗಿದ ಮೇಲೆ ದೂರದ ಕಾಡುಗಳಿಗೆ ಹೋದರು. ಅಗ್ಗದ ಬಿದಿರು ನಮಗೆ ಅಗ್ಗದ ಕಾಗದವನ್ನೂ ತಂದುಕೊಡಲಿಲ್ಲ, ಕಾಡನ್ನೂ ಉಳಿಸಲಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಬಂದಾಗ, ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರಿಂದ ಬೆಳೆಸಿಕೊಳ್ಳಬೇಕು, ಕಾಡಿನಿಂದ ರಿಯಾಯಿತಿ ದರದಲ್ಲಿ ಪಡೆಯಬಾರದು ಎಂದಾಯಿತು. ಅಷ್ಟು ಹೊತ್ತಿಗೆ ಕೋಟೆ ಸೂರೆಯಾಗಿತ್ತು.

ನಡುವೆ 1970ರ ದಶಕದಲ್ಲಿ ಕಾಗದದ ಅಭಾವ ಬಂತು. ಶಾಲೆಯ ಪುಸ್ತಕಕ್ಕೂ ಕಾಗದವಿಲ್ಲದ ಸ್ಥಿತಿ. ಆಗ ಸರ್ಕಾರ ಚಿಕ್ಕ ಗಿರಣಿಗಳಿಗೆ ಉತ್ತೇಜನ ಕೊಟ್ಟಿತು. ಪರದೇಶಗಳಲ್ಲಿ ಹಳತಾದ ಯಂತ್ರಗಳನ್ನು ತರಿಸಿ ಭತ್ತದ ಹುಲ್ಲು, ಗೋಧಿಯ ಹುಲ್ಲು, ಕಬ್ಬಿನ ಸಿಪ್ಪೆ, ರದ್ದಿ, ಏನು ಸಿಕ್ಕಿದರೆ ಅದನ್ನು ಬೇಯಿಸಿ ಕಾಗದ ಮಾಡಿದರು. ಅಭಾವ ತಗ್ಗಿತು, ನಿಜ. ಆದರೆ ಹುಲ್ಲನ್ನು ಬೇಯಿಸಿದ ಕಪ್ಪು ನೀರಿನಿಂದ ಔಷಧಗಳನ್ನು ಮರಳಿ ಪಡೆಯುವ ಯಂತ್ರ ಚಿಕ್ಕ ಗಿರಣಿಗೆ ಎಟುಕುವಂಥದಲ್ಲ. ನೀರು ಹಾಗೆಯೇ ಹಳ್ಳಕ್ಕೆ ಹೋಯಿತು. ಹೀಗೆ ನಮ್ಮಲ್ಲಿ ಗಿರಣಿಗಳ ಸಂಖ್ಯೆ ಬೆಳೆಯಿತು, ಗಿರಣಿಗಳ ಶಕ್ತಿ ಬೆಳೆಯಲಿಲ್ಲ.

ಚೀನಾವೂ ಮೊದಲು ಇದೇ ದಾರಿ ಹಿಡಿದಿತ್ತು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿಯೂ ಹಳ್ಳಿ ಹಳ್ಳಿಗೆ ಹುಲ್ಲಿನ ಗಿರಣಿಗಳು, ಅದೇ ಕಪ್ಪು ನೀರು. ಹ್ವಾಯ್ ನದಿಯ ಬಯಲಿನಲ್ಲಿ ಅದು ಮಿತಿ ಮೀರಿತು. 1994ರಲ್ಲಿ ನದಿಯ ನೀರು ವಿಷವಾಗಿ ಮೀನು ಸತ್ತು, ಜನರಿಗೆ ಕುಡಿಯಲು ನೀರಿಲ್ಲದಂತಾಯಿತು. 1996ರ ಜೂನ್ ಕೊನೆಯೊಳಗೆ ಆ ಬಯಲಿನ ಚಿಕ್ಕ ಗಿರಣಿಗಳನ್ನು ಮುಚ್ಚಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಸುಮಾರು ಒಂದು ಸಾವಿರ ಗಿರಣಿಗಳಿಗೆ ಬೀಗ ಬಿತ್ತು. ಅಲ್ಲಿ ದುಡಿಯುತ್ತಿದ್ದವರನ್ನು ಕೇಳಿ ಮಾಡಿದ ಆಜ್ಞೆ ಅದಲ್ಲ.

ಹುಲ್ಲನ್ನು ಬಿಟ್ಟ ಚೀನಾಕ್ಕೆ ನಾರು ಬೇಕಾಯಿತು. ಕಾಡು ಕಡಿಯುವುದನ್ನೂ ಅದು 1998ರ ಮಹಾಪ್ರವಾಹದ ನಂತರ ಬಿಗಿಗೊಳಿಸಿತು. ಹಾಗಾದರೆ ನಾರು ಎಲ್ಲಿಂದ? ಇಲ್ಲಿ ಸಂಗಾತಿಗಳು ಒಂದು ಸಣ್ಣ ವಿಷಯವನ್ನು ತಿಳಿಯಬೇಕು. ಕಾಗದವೆಂದರೆ ನಾರುಗಳ ಹೆಣಿಗೆ. ರದ್ದಿಯನ್ನು ನೆನೆಸಿ ಮತ್ತೆ ಕಾಗದ ಮಾಡಿದಾಗಲೆಲ್ಲ ನಾರು ಗಿಡ್ಡವಾಗುತ್ತದೆ, ಸೋಲುತ್ತದೆ. ಐದಾರು ಸಲವಾದ ಮೇಲೆ ಅದು ಕೆಲಸಕ್ಕೆ ಬಾರದು. ಅಮೆರಿಕ, ಕೆನಡಾಗಳ ರಟ್ಟಿನ ಪೆಟ್ಟಿಗೆಯಲ್ಲಿ ಚಳಿನಾಡಿನ ಪೈನ್ ಜಾತಿಯ ಮರದ ಉದ್ದ ನಾರಿರುತ್ತದೆ. ನಮ್ಮ ಪೇಟೆಯ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇರುವುದು ಹಲವು ಸಲ ಹುಟ್ಟಿ ಸತ್ತ ನಾರು. ಇಷ್ಟು ಕಸವಿರುವ ಬಡ ದೇಶಗಳು ಹಣ ಕೊಟ್ಟು ಶ್ರೀಮಂತ ದೇಶದ ಕಸವನ್ನು ಏಕೆ ಕೊಳ್ಳುತ್ತವೆ ಎಂಬ ಒಗಟಿಗೆ ಉತ್ತರ ಈ ಉದ್ದ ನಾರಿನಲ್ಲಿದೆ.

ಆ ಕಾಲಕ್ಕೆ ಚೀನಾದ ಸಾಮಾನು ಹೊತ್ತು ಅಮೆರಿಕಕ್ಕೆ ಹೋದ ಹಡಗುಗಳು ಖಾಲಿ ಪೆಟ್ಟಿಗೆಗಳೊಡನೆ ಮರಳುತ್ತಿದ್ದವು. ಖಾಲಿ ಬರುವ ಹಡಗಿನ ಬಾಡಿಗೆ ಅಗ್ಗ. ಝಾಂಗ್ ಯಿನ್ ಎಂಬ ಮಹಿಳೆ 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಂಪನಿ ತೆರೆದು ಅಮೆರಿಕದ ರದ್ದಿಯನ್ನು ಆ ಹಡಗುಗಳಲ್ಲಿ ತುಂಬಿಸಿದರು. 1995ರಲ್ಲಿ ಚೀನಾದ ದೊಂಗ್ವಾನ್‌ನಲ್ಲಿ 'ನೈನ್ ಡ್ರ್ಯಾಗನ್ಸ್' ಎಂಬ ಕಾರ್ಖಾನೆ ಹೂಡಿದರು. ರದ್ದಿ ಬಂತು, ರಟ್ಟಾಯಿತು, ರಟ್ಟು ಪೆಟ್ಟಿಗೆಯಾಯಿತು, ಪೆಟ್ಟಿಗೆಯೊಳಗೆ ಆಟಿಕೆ, ಪಾದರಕ್ಷೆ ತುಂಬಿ ಅದೇ ಅಮೆರಿಕಕ್ಕೆ ಹೋಯಿತು. ಕಸದಿಂದ ರಸ ಎಂಬ ನಮ್ಮ ಮಾತನ್ನು ನಡೆಸಿ ತೋರಿಸಿದವರು ಅವರು. 2006ರಲ್ಲಿ ಚೀನಾದ ಶ್ರೀಮಂತರ ಪಟ್ಟಿಯಲ್ಲಿ ಆಕೆಯದೇ ಮೊದಲ ಹೆಸರು.

ರಸ ಯಾರಿಗೆ, ಕಸ ಯಾರಿಗೆ ಎಂಬುದನ್ನೂ ಹೇಳಬೇಕಲ್ಲವೆ? ನೌಕರಿಯಲ್ಲಿ ನಿಗದಿತ ಕಾಲ ದುಡಿದ ಕಾರ್ಮಿಕನಿಗೆ ಖಾಯಂ ಕರಾರು ಕೊಡಬೇಕೆಂದು 2008ರಲ್ಲಿ ಚೀನಾದಲ್ಲಿ ಹೊಸ ಕಾನೂನು ಬಂತು. ಆ ವರ್ಷ ಅಲ್ಲಿಯ ರಾಜಕೀಯ ಸಲಹಾ ಸಭೆಯ ಸದಸ್ಯೆಯಾಗಿದ್ದ ಇದೇ ಮಹಿಳೆ ಆ ವಿಧಿಯನ್ನು ಬದಲಿಸಬೇಕೆಂದು ಕೇಳಿದರು. ಕೆಂಪು ಬಾವುಟದ ನೆರಳಿನಲ್ಲಿ ಕೋಟ್ಯಧೀಶೆ ಕಾರ್ಮಿಕನ ಖಾಯಂ ನೌಕರಿಗೆ ಅಡ್ಡ ಮಾತಾಡುವುದು, ಕಾರ್ಮಿಕ ತನ್ನದೇ ಸ್ವತಂತ್ರ ಸಂಘ ಕಟ್ಟುವಂತಿಲ್ಲದಿರುವುದು, ಇದಕ್ಕೆ ಸಮಾಜವಾದವೆಂದು ಹೆಸರಿಡಲು ನಾವು ತಯಾರಿಲ್ಲ. ಇದನ್ನು ಬರಿಯ ಮಾರುಕಟ್ಟೆಯ ಗೆಲವೆನ್ನುವುದೂ ಸಲ್ಲದು. 2002ರಿಂದ 2009ರವರೆಗೆ ಚೀನಾ ಸರ್ಕಾರ ಕಾಗದದ ಉದ್ಯಮಕ್ಕೆ ಕೊಟ್ಟ ಸಹಾಯಧನ 3300 ಕೋಟಿ ಡಾಲರಿಗೂ ಮೇಲೆಂದು ಅಮೆರಿಕದ ಒಂದು ಸಂಶೋಧನ ಸಂಸ್ಥೆ 2010ರಲ್ಲಿ ಲೆಕ್ಕ ಹಾಕಿತ್ತು.

ಈಗ ವ್ಯಾಪಾರದ ತಕ್ಕಡಿಯನ್ನು ನೋಡಿ. 2000ದಲ್ಲಿ ಚೀನಾ ಸುಮಾರು 60 ಲಕ್ಷ ಟನ್ನು ಕಾಗದ ಮತ್ತು ರಟ್ಟನ್ನು ಆಮದು ಮಾಡಿಕೊಳ್ಳುತ್ತಿತ್ತು, ರಫ್ತು ಬಹಳ ಅಲ್ಪ. 2007ರಲ್ಲಿ ಮೊದಲ ಬಾರಿಗೆ ರಫ್ತು ಆಮದನ್ನು ಮೀರಿತು. 2010ರಲ್ಲಿ ಅಮೆರಿಕ, ಮರುವರ್ಷ ಯೂರೋಪಿನ ಒಕ್ಕೂಟ ಚೀನಾದ ನುಣುಪು ಕಾಗದದ ಮೇಲೆ ದಂಡದ ಸುಂಕ ಹಾಕಿದವು. ತಯಾರಾದ ಕಾಗದವನ್ನು ಮಾತ್ರ ಎಣಿಸಿದರೆ ಚೀನಾ ಮಾರುವ ದೇಶವಾಯಿತು. ಆದರೆ 2012ರಲ್ಲಿ ಅದು ತರಿಸಿದ ರದ್ದಿ 3 ಕೋಟಿ ಟನ್ನು! ಅದರ ಮೇಲೆ ಹೊರಗಿನಿಂದ ಬಂದ ಮರದ ತಿರುಳು ಬೇರೆ. ರದ್ದಿಯನ್ನೂ ತಿರುಳನ್ನೂ ಸೇರಿಸಿ ಎಣಿಸಿದರೆ ಅದು ಕೊಳ್ಳುವ ದೇಶವಾಗಿಯೇ ಇತ್ತು.

ಆ ರದ್ದಿಯ ಮೂಟೆಗಳಲ್ಲಿ ಪ್ಲಾಸ್ಟಿಕ್, ಎಣ್ಣೆ ಬಟ್ಟೆ, ಅಡಿಗೆ ಮನೆಯ ಕೊಳಕು ಎಲ್ಲವೂ ಇರುತ್ತಿದ್ದವು. 2017ರ ಜುಲೈಯಲ್ಲಿ ಚೀನಾ "ಇನ್ನು ಸಾಕು" ಎಂದಿತು. 2018ರಿಂದ ಬೇರ್ಪಡಿಸದ ರದ್ದಿಗೆ ಬಾಗಿಲು ಮುಚ್ಚಿತು, ಉಳಿದ ರದ್ದಿಯಲ್ಲಿ ನೂರಕ್ಕೆ ಅರ್ಧಕ್ಕಿಂತ ಹೆಚ್ಚು ಕಲ್ಮಷ ಕೂಡದೆಂದಿತು. 2021ರ ಜನವರಿ 1ರಿಂದ ಆಮದನ್ನೇ ನಿಲ್ಲಿಸಿತು. ತನ್ನ ನೆಲದ ರದ್ದಿಯನ್ನು ವರ್ಷಕ್ಕೆ ಐದು ಕೋಟಿ ಟನ್ನಿಗೂ ಮಿಕ್ಕಿ ಕೂಡಿಸತೊಡಗಿತ್ತು. ಆದರೂ ನಾರು ಸಾಲಲಿಲ್ಲ. 2020ರಲ್ಲಿ ಚೀನಾ 1 ಕೋಟಿ 15 ಲಕ್ಷ ಟನ್ನು ಕಾಗದ ಮತ್ತು ರಟ್ಟು ಕೊಂಡಿತು. ಮಾರಿದ್ದು ಅದರ ಅರ್ಧದಷ್ಟು. ತಕ್ಕಡಿ ಮತ್ತೆ ಆಮದಿನ ಕಡೆಗೆ ವಾಲಿತ್ತು. ತಪ್ಪೇನು? ತನ್ನ ನದಿಯನ್ನು ಕಾಪಾಡಿಕೊಳ್ಳುವ ಹಕ್ಕು ಯಾವ ದೇಶಕ್ಕೂ ಇದೆ. ಆದರೆ ಪ್ರಪಂಚದ ಶ್ರೀಮಂತರ ಕಸ ಅದರಿಂದ ಮಾಯವಾಗಲಿಲ್ಲ. ಬೇರೆ ಬಾಗಿಲು ಹುಡುಕಿತು.

ಆ ಬಾಗಿಲುಗಳಲ್ಲಿ ನಮ್ಮದೂ ಒಂದು. ಅಮೆರಿಕದ ರದ್ದಿಯ ದೊಡ್ಡ ಗಿರಾಕಿಗಳ ಸಾಲಿಗೆ ಭಾರತ ಸೇರಿತು. ಉತ್ತರ ಪ್ರದೇಶದ ಮುಜಫ್ಫರ್‌ನಗರದ ಗಿರಣಿಗಳ ಸುತ್ತ, ಆಮದು ರದ್ದಿಯೊಡನೆ ಬಂದ ಪರದೇಶದ ಪ್ಲಾಸ್ಟಿಕ್ ಚೂರುಗಳ ರಾಶಿ ಬಿದ್ದವು. ಹೆಂಗಸರು ಅದನ್ನು ಆಯುತ್ತಾರೆ, ಉಳಿದದ್ದು ಉರಿಯುತ್ತದೆ, ಹೊಗೆ ಅವರ ಎದೆಗೇ ಹೋಗುತ್ತದೆ.

ಇನ್ನೂ ವಿಚಿತ್ರವಾದದ್ದು ಮುಂದಿದೆ. ನಮ್ಮ ಕಾಗದ ಮತ್ತು ರಟ್ಟಿನ ರಫ್ತು 2016-17ರಲ್ಲಿ ಸುಮಾರು ಆರೂವರೆ ಲಕ್ಷ ಟನ್ನು ಇದ್ದದ್ದು 2021-22ರಲ್ಲಿ ಇಪ್ಪತ್ತೆಂಟೂವರೆ ಲಕ್ಷ ಟನ್ನಿಗೆ ಏರಿತು. ಮೂಲೆ ಮೂಲೆಯಲ್ಲಿ ಜಯಭೇರಿ ಬಾರಿಸಿದರು. ಅದರಲ್ಲಿ ಒಂದು ದೊಡ್ಡ ಭಾಗ ಚೀನಾಕ್ಕೆ ಹೋದ ಕಂದು ಕಾಗದದ ಉರುಳೆಗಳು. ಏನಿದರ ಅರ್ಥ? ಚೀನಾ ತಾನು ತೊಳೆಯಲು ಒಲ್ಲದ ರದ್ದಿಯನ್ನು ನಾವು ತರಿಸಿ, ನಮ್ಮ ನೀರಿನಲ್ಲಿ ತೊಳೆದು, ಕೊಳೆಯನ್ನು ನಮ್ಮಲ್ಲೇ ಇಟ್ಟುಕೊಂಡು, ಶುದ್ಧವಾದ ನಾರನ್ನು ಸುರುಳಿ ಸುತ್ತಿ ಅಲ್ಲಿಗೆ ಕಳಿಸಿದೆವು. ಅಲ್ಲಿಯ ಗಿರಣಿಗೆ ಅದು ಕಚ್ಚಾ ಸಾಮಗ್ರಿ, ನಮ್ಮ ಪುಸ್ತಕದಲ್ಲಿ ಅದು ತಯಾರಾದ ಮಾಲಿನ ರಫ್ತು! ಅದೇ ಕಾಲದಲ್ಲಿ ನಮ್ಮ ಊರುಗಳಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆಗಳವರು ಕಂದು ಕಾಗದದ ಬೆಲೆ ಏರಿತೆಂದು ಗೋಳಿಟ್ಟರು. ನ್ಯೂಸ್‌ಪ್ರಿಂಟಿನ ಬೆಲೆ ಇಮ್ಮಡಿಯಾಯಿತು. ನಮ್ಮಂಥ ಸಣ್ಣ ಪತ್ರಿಕೆಗಳು ಅದರ ಬಿಸಿಯನ್ನು ಪುಟ ಪುಟದಲ್ಲಿಯೂ ಉಂಡಿವೆ.

ಆಮದಿನ ಕಡೆಯೂ ಹೀಗೆಯೇ. ಆಗ್ನೇಯ ಏಷ್ಯದ ದೇಶಗಳೊಡನೆ ಮಾಡಿದ ಒಪ್ಪಂದದಂತೆ ಅಲ್ಲಿಯ ಕಾಗದಕ್ಕೆ 2014ರಿಂದ ಸುಂಕವಿಲ್ಲವಾಯಿತು. ನ್ಯೂಸ್‌ಪ್ರಿಂಟನ್ನು ಬಿಟ್ಟು ಉಳಿದ ಕಾಗದದ ಆಮದು 2010-11ರಲ್ಲಿ 5 ಲಕ್ಷ 40 ಸಾವಿರ ಟನ್ನು. 2018-19ರಲ್ಲಿ 14 ಲಕ್ಷ 80 ಸಾವಿರ. 2023-24ರಲ್ಲಿ 19 ಲಕ್ಷಕ್ಕೂ ಮೇಲೆ. ಗಿರಣಿಯ ಮಾಲೀಕರು "ಸುಂಕ ಹಾಕಿ" ಎನ್ನುತ್ತಾರೆ. ಪೆಟ್ಟಿಗೆ ಮಾಡುವವರು, ಪುಸ್ತಕ ಅಚ್ಚು ಮಾಡುವವರು "ಹಾಕಬೇಡಿ" ಎನ್ನುತ್ತಾರೆ. ಇಬ್ಬರೂ ದೇಶದ ಹೆಸರಿನಲ್ಲಿಯೇ ಮಾತಾಡುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬಂತೆ ಇಲ್ಲಿ ಬಡವಾಗುವುದು ನೋಟುಬುಕ್ಕಿಗೆ ಕೈ ಚಾಚಿ ನಿಂತ ಮಗು.

ಸುಂಕವನ್ನು ಯಾವಾಗ ಹಾಕಬೇಕು ಎಂಬುದಕ್ಕೆ ಭದ್ರಾವತಿಗಿಂತ ಬೇರೆ ಸಾಕ್ಷಿ ಬೇಡ. ಅಲ್ಲಿ 1981ರಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ತಯಾರಾಗುತ್ತಿತ್ತು. ಕಾರ್ಖಾನೆ ಸರ್ಕಾರದ್ದು. ಯಂತ್ರಗಳು ಹಳತಾದವು, ಹೊಸ ಬಂಡವಾಳ ಬರಲಿಲ್ಲ, ಹೊರಗಿನ ಅಗ್ಗದ ನ್ಯೂಸ್‌ಪ್ರಿಂಟಿನೆದುರು ನಷ್ಟ ಏರುತ್ತ ಹೋಯಿತು. 2015ರಲ್ಲಿ ಉತ್ಪತ್ತಿ ನಿಂತಿತು. ಕಾರ್ಮಿಕರ ಮನೆಗಳ ಒಲೆ ತಣ್ಣಗಾಯಿತು. 2019ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಆಮದು ನ್ಯೂಸ್‌ಪ್ರಿಂಟಿಗೆ ನೂರಕ್ಕೆ ಹತ್ತು ಸುಂಕ ಹಾಕಿತು! ರೋಗಿ ಸತ್ತು ನಾಲ್ಕು ವರ್ಷಗಳಾದ ಮೇಲೆ ಬಂದ ಔಷಧ ಅದು. ಮರುವರ್ಷ ಅದನ್ನೂ ಅರ್ಧಕ್ಕಿಳಿಸಿದರು. ಕಾರ್ಖಾನೆ ನಿಂತರೂ ಅದರ ಹೆಸರಿನಲ್ಲಿದ್ದ ನೆಡುತೋಪಿನ ಸಾವಿರಾರು ಹೆಕ್ಟೇರು ಕಾಡುಭೂಮಿಯ ಗುತ್ತಿಗೆಯನ್ನು 2020ರಲ್ಲಿ ಮತ್ತೆ ನಲವತ್ತು ವರ್ಷಗಳಿಗೆ ಮುಂದುವರಿಸಿದರು. ನಮ್ಮೂರಿಗೆ ಅಕೇಶಿಯಾ ಬೇಡ, ಕಾಡು ಬೇಕು ಎಂದು ಮಲೆನಾಡಿನ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಕಾಗದವಿಲ್ಲ, ಕೂಲಿಯಿಲ್ಲ; ನೀಲಗಿರಿ ಅಕೇಶಿಯಾ ಮಾತ್ರ ಉಳಿದಿವೆ.

ಹಾಗಾದರೆ ನಾವು ಕೇಳುವುದೇನು? ಚೀನಾದಂತೆ ಆಗಿ ಎಂದಲ್ಲ. ತಲೆಗೆ 15 ಕಿಲೋದಲ್ಲಿಯೇ ಇದ್ದು ಅದನ್ನೇ ಸರಳ ಜೀವನವೆಂದು ಹೊಗಳಿಕೊಳ್ಳುವುದೂ ಅಲ್ಲ. ಪುಸ್ತಕವಿಲ್ಲದ ಶಾಲೆ ಸರಳತೆಯಲ್ಲ, ದಾರಿದ್ರ್ಯ.

ಮೊದಲನೆಯದಾಗಿ, ಲೆಕ್ಕವನ್ನು ಸರಿಯಾಗಿ ಇಡಬೇಕು. ಕಾಗದ, ತಿರುಳು, ರದ್ದಿ ಮೂರನ್ನೂ ಒಂದೇ ಪುಟದಲ್ಲಿ ಬರೆಯಲಿ. ನಮ್ಮಲ್ಲಿ ಉಳಿದ ಕೊಳೆಯನ್ನೂ ಖರ್ಚಿನ ಕಡೆಗೆ ಬರೆಯಲಿ. ಆಗ ಯಾವ ರಫ್ತು ಲಾಭ, ಯಾವುದು ನಷ್ಟ ಎಂಬುದು ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ.

ಎರಡನೆಯದು, ನಮ್ಮ ರದ್ದಿಯನ್ನು ನಾವು ಕಾಪಾಡಬೇಕು. ಅದನ್ನು ಕೂಡಿಸುವವರು ಯಾರು? ಬೆಳಗಿನ ಜಾವ ಚೀಲ ಹೊತ್ತು ಹೊರಡುವ ಚಿಂದಿ ಆಯುವ ಹೆಂಗಸರು, ಗುಜರಿ ಅಂಗಡಿಯ ಹುಡುಗರು. ಬೆಂಗಳೂರಿನ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟು ದಾರಿ ತೋರಿಸಿತು. ಚೀಟಿ ಸಾಲದು, ಕಿಲೋಗೆ ನ್ಯಾಯವಾದ ದರ ಬೇಕು, ಪ್ರತಿ ಪುರಸಭೆಯಲ್ಲಿಯೂ ಒಣ ಕಸ ಬೇರ್ಪಡಿಸುವ ಸ್ಥಳ ಬೇಕು. ಮನೆಯಲ್ಲೇ ಬೇರೆ ಮಾಡಿಟ್ಟ ಒಣ ಕಾಗದ ಉದ್ದ ನಾರನ್ನು ಕೊಡಲಾರದು, ನಿಜ. ಆದರೆ ಹಸಿ ಕಸದೊಡನೆ ಬೆರೆತು ಹಾಳಾಗುವ ಪ್ರತಿ ಟನ್ನೂ ಮತ್ತೊಂದು ಟನ್ನು ಪರದೇಶದ ಕಸವನ್ನು ಬರಮಾಡುತ್ತದೆ.

ಮೂರನೆಯದು, ಮರ ಬೆಳೆಯಬೇಕಾದದ್ದು ಒಪ್ಪಿ ಬೆಳೆಯುವ ರೈತನ ಹೊಲದ ಬದುವಿನಲ್ಲಿ, ಬರೆದುಕೊಟ್ಟ ಬೆಲೆಗೆ. ಗೋಮಾಳವೂ ಕಾನೂ ಗಿರಣಿಯ ಕಣಜಗಳಲ್ಲ.

ನಾಲ್ಕನೆಯದು, ಸುಂಕದ ರಕ್ಷಣೆ ಪಡೆಯುವ ಗಿರಣಿ ಮೂರು ಮಾತು ಕೊಡಬೇಕು: ಶಾಲೆಯ ಕಾಗದ ನಿಗದಿಯಾದ ಬೆಲೆಗೆ, ಬಿಟ್ಟ ನೀರು ಕುಡಿಯುವಷ್ಟು ಶುದ್ಧವಾಗಿ, ದುಡಿದವನಿಗೆ ಖಾಯಂ ನೌಕರಿ. ಮಾತು ಮುರಿದರೆ ರಕ್ಷಣೆಯೂ ಮುರಿಯಲಿ.

ನಮ್ಮಲ್ಲಿ ಚೀನಾದಲ್ಲಿಲ್ಲದ ಒಂದು ಆಸ್ತಿ ಇದೆ. ಹಳ್ಳ ಕಪ್ಪಾದರೆ ಊರವರು ಸಭೆ ಸೇರಿ ಕೂಗಬಹುದು, ಕಾರ್ಮಿಕ ಸಂಘ ಕಟ್ಟಬಹುದು, ಈ ವಾರಪತ್ರಿಕೆ ಸರ್ಕಾರವನ್ನು ಬಯ್ಯಬಹುದು. 1994ರಲ್ಲಿ ಹ್ವಾಯ್ ನದಿಯ ದಂಡೆಯ ಜನರಿಗೆ ಆ ದಾರಿ ಇರಲಿಲ್ಲ. ಎಪ್ಪತ್ತು ವರ್ಷ ಆ ಆಸ್ತಿಯನ್ನು ಕೈಯಲ್ಲಿಟ್ಟುಕೊಂಡೂ ನಾವು ಬಿದಿರನ್ನು ಒಂದೂವರೆ ರೂಪಾಯಿಗೆ ಬಿಟ್ಟುಕೊಟ್ಟೆವು, ಭದ್ರಾವತಿಯನ್ನು ಮುಚ್ಚಲು ಬಿಟ್ಟೆವು. ದೋಷವನ್ನು ಬೀಜಿಂಗಿನ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಶಿಬಿರ ಮುಗಿಸಿ ಊರಿಗೆ ಹೋದ ಮೇಲೆ ಪ್ರತಿ ಸಂಗಾತಿಯೂ ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ನಿಮ್ಮ ಊರಿನ ಗುಜರಿ ಅಂಗಡಿಗೆ ಹೋಗಿ ರದ್ದಿಯ ದರ ಕೇಳಿ. ಆಯ್ದು ತಂದವಳಿಗೆ ಸಿಕ್ಕಿದ್ದೆಷ್ಟು, ಗಿರಣಿಗೆ ಹೋದಾಗ ಅದರ ಬೆಲೆ ಎಷ್ಟು ಎಂದು ಬರೆದುಕೊಳ್ಳಿ. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ನೋಟುಬುಕ್ಕಿಲ್ಲ ಎಂಬುದನ್ನು ಅದೇ ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಪತ್ರಿಕೆಯ ಕಚೇರಿಗೆ ಕಳಿಸಿಕೊಡಿ. ಅಚ್ಚು ಮಾಡುವ ಹೊಣೆ ನಮ್ಮದು.